93ವೈ ಇದ್ದ ಕಾರಿಗೆ ‘ವಿ’ ಟೈರ್ ಸಾಕೇ?

ಪ್ರಶ್ನೆ: ನಾನಿರುವುದು ಕಾರವಾರದಲ್ಲಿ. ಕಳೆದ ವರ್ಷ ಸೆಕೆಂಡ್ ಹ್ಯಾಂಡ್ ಆಡಿ ಟಿಟಿ ಕ್ವಾಟ್ರೋ ತಗೊಂಡೆ. ಕಂಪನಿಯಿಂದ ಬಂದ ಟೈರ್ 245/40 ಆರ್18 93ವೈ. ಮುಂದಿನ ಎರಡು ಅವೇ, 2017ರವು. ನೆಲಕ್ಕೆ ತಾಗುವ ಮೈಯ ಗುಂಡಿ (ಟ್ರೆಡ್) ಇನ್ನೂ ಚೆನ್ನಾಗಿದೆ. ಹಿಂದಿನ ಎರಡು ಹಳೇ ಮಾಲೀಕರು ಹಾಕಿಸಿದ ಬೇರೆ ಕಂಪನಿಯ 93ಡಬ್ಲ್ಯೂ, ಸವೆದಿವೆ. ಮಳೆ ಶುರುವಾಗುವುದರೊಳಗೆ ಹಿಂದಿನ ಎರಡನ್ನು ಬದಲಿಸಬೇಕು ಅಂತಿದ್ದೇನೆ. ಅಂಗಡಿಯವರು ‘ನಮ್ಮ ಕಡೆಯ ರಸ್ತೆಗೆ ವಿ ಧಾರಾಳ ಆಯ್ತು, 240ರಲ್ಲಿ ಯಾರು ಹೋಗ್ತಾರೆ?’ ಅಂತಾರೆ. ಒಂದೊಂದು ಟೈರಿಗೆ ಸಾವಿರಾರು ರೂಪಾಯಿ ಉಳಿಯುತ್ತದೆ. ಸ್ನೇಹಿತನೊಬ್ಬ ‘ವೈ ಬಿಟ್ಟರೆ ಘಟ್ಟದಲ್ಲಿ ಗ್ರಿಪ್ ಸಿಗುವುದಿಲ್ಲ’ ಅಂತಾನೆ. ತಿಂಗಳಿಗೆ ಎರಡು ಸಲ ದೇವಿಮನೆ ಘಟ್ಟ ಹತ್ತಿ ಶಿರಸಿಗೆ ಹೋಗುತ್ತೇನೆ, ಆಗಾಗ ಗೋವಾಕ್ಕೂ. 120 ಮುಟ್ಟುವುದೇ ಅಪರೂಪ. ಯಾರ ಮಾತು ಕೇಳಲಿ?

ಉತ್ತರ: ಅಂಗಡಿಯವರು ಆ ಅಕ್ಷರವನ್ನು ವೇಗ ಎಂದು ಓದಿದ್ದಾರೆ, ನಿಮ್ಮ ಸ್ನೇಹಿತರು ಹಿಡಿತ ಎಂದು ಓದಿದ್ದಾರೆ. ಟೈರ್ ತಯಾರಿಸುವವರ ಲೆಕ್ಕದಲ್ಲಿ ಅದು ಕಾವಿನ ಗುರುತು. ಇಷ್ಟು ಭಾರ ಹೊತ್ತು, ಇಷ್ಟು ವೇಗದಲ್ಲಿ, ಇಷ್ಟು ಹೊತ್ತು ತಿರುಗಿದರೂ ಒಳಗಿನ ಬಿಸಿಗೆ ಈ ಟೈರಿನ ಪದರ ಬಿಡುವುದಿಲ್ಲ ಎಂಬ ಮಾತು. ಹಾಗೆ ಓದಿಕೊಂಡರೆ ನಿಮ್ಮ ಗೊಂದಲದ ಮುಕ್ಕಾಲು ಪಾಲು ಬಗೆಹರಿಯುತ್ತದೆ.

ಉತ್ತರ ಮೊದಲೇ ಹೇಳಿಬಿಡುತ್ತೇನೆ. ವಿ ಬೇಡ. ವೈ ಹಾಕಿಸಿ, ಎಲ್ಲಿಯೂ ಸಿಗದಿದ್ದರೆ ಮಾತ್ರ ಡಬ್ಲ್ಯೂ. ಹಾಕಿಸುವುದಾದರೆ ಎರಡಲ್ಲ, ನಾಲ್ಕೂ ಹಾಕಿಸಿ. ನಿಮ್ಮ ಪತ್ರದಲ್ಲಿ ನನಗೆ ಹೆಚ್ಚು ಆತಂಕ ತಂದದ್ದು ಹಿಂದಿನ ಸವೆದ ಟೈರುಗಳಿಗಿಂತ ಮುಂದಿನ ‘ಚೆನ್ನಾಗಿರುವ’ 2017ರ ಟೈರುಗಳು. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಟೈರಿನ ಗೋಡೆಯ, ಅಂದರೆ ಪಕ್ಕದ ಮೈಯ, ಮೇಲಿನ ಬರಹ. 245 ಎಂದರೆ ಮಿ.ಮೀ. ಲೆಕ್ಕದಲ್ಲಿ ಅಗಲ, 40 ಎಂದರೆ ಆ ಅಗಲದ ಶೇ. 40ರಷ್ಟು ಗೋಡೆಯ ಎತ್ತರ, 18 ಎಂದರೆ ರಿಮ್ಮಿನ ಇಂಚು. 93 ಭಾರದ ಸೂಚ್ಯಂಕ: ಒಂದು ಟೈರಿಗೆ 650 ಕೆ.ಜಿ. ಕೊನೆಯ ಅಕ್ಷರ ವೇಗದ ದರ್ಜೆ. ಟಿ ಎಂದರೆ ಗಂಟೆಗೆ 190 ಕಿ.ಮೀ., ಎಚ್ ಎಂದರೆ 210, ವಿ 240, ಡಬ್ಲ್ಯೂ 270, ವೈ 300. ಅಕ್ಷರಮಾಲೆಯಲ್ಲಿ ಮುಂಚೆ ಬರುವ ಎಚ್ ಇಲ್ಲಿ 200ರ ಯು ಆದಮೇಲೆ ಬರುತ್ತದೆ. ಎಸ್, ಎಚ್, ವಿ ಎಂಬ ಕೆಲವೇ ದರ್ಜೆಗಳಿದ್ದ ಹಳೇ ಕಾಲದ ಉಳಿಕೆ ಅದು. ಕೆಲವು ಟೈರುಗಳ ಮೇಲೆ ‘ಝಡ್‌ಆರ್18’ ಎಂದಿರುತ್ತದೆ. ಅದಕ್ಕೆ ಮರುಳಾಗಬೇಡಿ. 240ಕ್ಕಿಂತ ಹೆಚ್ಚು ಎಂದಷ್ಟೇ ಅದರ ಅರ್ಥ. ಎಷ್ಟು ಹೆಚ್ಚು ಎಂದು ತಿಳಿಯಲು ಕೊನೆಯ ಅಕ್ಷರವನ್ನೇ ನೋಡಬೇಕು. ‘ಝಡ್‌ಆರ್18 93ವೈ’ ಮತ್ತು ‘ಆರ್18 93ವೈ’ ಎರಡೂ ಒಂದೇ ದರ್ಜೆ.

ಈಗ ಕಾವಿನ ವಿಷಯ. ನಿಮ್ಮ ಟೈರಿನ ವ್ಯಾಸ ಸುಮಾರು 653 ಮಿ.ಮೀ., ಸುತ್ತಳತೆ ಎರಡು ಮೀಟರಿಗೆ ಸ್ವಲ್ಪ ಮೇಲೆ. 100 ಕಿ.ಮೀ. ವೇಗದಲ್ಲಿ ಅದು ಸೆಕೆಂಡಿಗೆ ಹದಿಮೂರೂವರೆ ಸುತ್ತು ಹಾಕುತ್ತದೆ; 250ರಲ್ಲಿ ಹೆಚ್ಚುಕಡಿಮೆ 34 ಸುತ್ತು. ಪ್ರತಿ ಸುತ್ತಿನಲ್ಲೂ ಟೈರಿನ ಪ್ರತಿ ಭಾಗ ನೆಲಕ್ಕೆ ಬಂದಾಗ ಚಪ್ಪಟೆಯಾಗಿ, ಮೇಲೆದ್ದಾಗ ಮತ್ತೆ ಗುಂಡಗಾಗುತ್ತದೆ. ಹೀಗೆ ಮಡಚಿ ಬಿಚ್ಚುವಾಗ ರಬ್ಬರು ಹೀರಿದ ಶಕ್ತಿಯನ್ನೆಲ್ಲ ಹಿಂದಿರುಗಿಸುವುದಿಲ್ಲ, ಒಂದಿಷ್ಟು ಬಿಸಿಯಾಗಿ ಉಳಿಯುತ್ತದೆ. ತಂತಿಯನ್ನು ಅತ್ತಿತ್ತ ಬಗ್ಗಿಸಿದರೆ ಬಗ್ಗಿದ ಜಾಗ ಬಿಸಿಯಾಗುತ್ತದಲ್ಲ, ಹಾಗೆ. ಜೊತೆಗೆ ಹೊರಮುಖದ ಸೆಳೆತ ಬೇರೆ. 250ರ ವೇಗದಲ್ಲಿ ಒಂದು ಗ್ರಾಂ ತೂಕದ ಟ್ರೆಡ್ ತುಣುಕು ಸುಮಾರು ಒಂದೂವರೆ ಕಿಲೋ ತೂಕದಷ್ಟು ಬಲದಿಂದ ಹೊರಗೆ ಜಗ್ಗುತ್ತದೆ. 100ರಲ್ಲಿ ಅದು ಕಾಲು ಕಿಲೋ ಅಷ್ಟೇ. ಈ ಜಗ್ಗಾಟಕ್ಕೆ ಟ್ರೆಡ್ ಉಬ್ಬಿ ಉಕ್ಕಿನ ಪಟ್ಟಿಯಿಂದ ಕಳಚದಂತೆ ಹಿಡಿಯಲು ಪಟ್ಟಿಯ ಮೇಲೆ ನೈಲಾನ್ ದಾರವನ್ನು ಸುತ್ತಳತೆಯ ಉದ್ದಕ್ಕೂ ಬಿಗಿಯಾಗಿ ಸುತ್ತಿರುತ್ತಾರೆ. ದರ್ಜೆ ಏರಿದಂತೆ ಈ ಸುತ್ತು ಬಿಗಿಯಾಗುತ್ತದೆ, ಅಂಚಿನ ಕಡೆ ದಪ್ಪವಾಗುತ್ತದೆ, ರಬ್ಬರಿನ ಪಾಕ ಬದಲಾಗುತ್ತದೆ. ನೀವು ವೈಗೆ ಕೊಡುವ ಹೆಚ್ಚಿನ ಹಣದಲ್ಲಿ ಒಂದು ಪಾಲು ಹೋಗುವುದು ಕಣ್ಣಿಗೆ ಕಾಣದ ಈ ಕಟ್ಟಿಗೆ.

ದರ್ಜೆ ಕೊಡುವುದು ರಸ್ತೆಯಲ್ಲಿ ಓಡಿಸಿ ನೋಡಿ ಅಲ್ಲ. ವಿಶ್ವಸಂಸ್ಥೆಯ ಯುರೋಪ್ ಆರ್ಥಿಕ ಆಯೋಗದ 30ನೇ ನಿಯಮದ ಪ್ರಕಾರ ಹೊಸ ಟೈರನ್ನು ಉಕ್ಕಿನ ಡ್ರಮ್ಮಿಗೆ ಒತ್ತಿ ತಿರುಗಿಸುತ್ತಾರೆ. ವಿ ಟೈರನ್ನು ಎರಡು ಮೀಟರ್ ಡ್ರಮ್ಮಿನ ಮೇಲೆ ಪರೀಕ್ಷಿಸುವಾಗ 210ರಿಂದ ಶುರುಮಾಡಿ ಹತ್ತು ನಿಮಿಷಕ್ಕೊಮ್ಮೆ 10 ಕಿ.ಮೀ. ಏರಿಸಿ, ಕೊನೆಗೆ 240ರಲ್ಲಿ ಇಪ್ಪತ್ತು ನಿಮಿಷ ಓಡಿಸುತ್ತಾರೆ. ಹೊರಿಸುವ ಭಾರ ಅದರ ಗರಿಷ್ಠದ ಶೇ. 73 ಮಾತ್ರ. ಕೋಣೆಯ ಉಷ್ಣತೆ 20ರಿಂದ 30 ಡಿಗ್ರಿ. ಶುರುವಿನಿಂದ ಕೊನೆಯವರೆಗೆ ಒಂದು ಗಂಟೆಯ ಪರೀಕ್ಷೆ. ಗಮನಿಸಿ: ಹೊಸ ಟೈರು, ಸರಿಯಾದ ಗಾಳಿ, ಪಂಚರ್ ಇಲ್ಲ, ಹೊಂಡವಿಲ್ಲ, ತಂಪು ಕೋಣೆ. ಅಂಕೋಲಾ ಕಡೆಯ ಹೈವೇಯ ಏಪ್ರಿಲ್ ಮಧ್ಯಾಹ್ನದ ಡಾಂಬರಿಗೂ ಆ ಕೋಣೆಗೂ ಯಾವ ಹೋಲಿಕೆಯೂ ಇಲ್ಲ. ಟೈರು ಹಳೆಯದಾದಂತೆ, ಗಾಳಿ ಇಳಿದಂತೆ, ಪ್ಯಾಚು ಬಿದ್ದಂತೆ ಆ ಅಕ್ಷರ ಹೇಳುವ ಸಾಮರ್ಥ್ಯ ಒಳಗೊಳಗೇ ಕರಗುತ್ತ ಹೋಗುತ್ತದೆ, ಗೋಡೆಯ ಮೇಲಿನ ಅಕ್ಷರ ಮಾತ್ರ ಹಾಗೇ ಇರುತ್ತದೆ. ಅದಕ್ಕೇ ಇದನ್ನು ‘ಇಷ್ಟು ವೇಗದಲ್ಲಿ ಹೋಗಬಹುದು’ ಎಂಬ ಪರವಾನಗಿಯಾಗಿ ನೋಡದೆ, ಕೈಯಲ್ಲಿಟ್ಟುಕೊಂಡ ಅಂತರವಾಗಿ ನೋಡಬೇಕು.

ನಿಮ್ಮ ಕಾರಿನ ಗರಿಷ್ಠ ವೇಗವನ್ನು ಕಂಪನಿ ಎಲೆಕ್ಟ್ರಾನಿಕ್ ಆಗಿ 250ಕ್ಕೆ ಕಟ್ಟಿದೆ. ಹಾಗಿದ್ದರೆ 270ರ ಡಬ್ಲ್ಯೂ ಸಾಕಲ್ಲ, ವೈ ಯಾಕೆ ಕೊಟ್ಟರು? ಅಂಗಡಿಯಲ್ಲಿ ಬಹುಶಃ ಯಾರೂ ಹೇಳದ ಸಂಗತಿ ಇಲ್ಲಿದೆ. ಮೇಲಿನ ದರ್ಜೆಗಳಲ್ಲಿ ಟೈರು ತನ್ನ ಗರಿಷ್ಠ ವೇಗದಲ್ಲಿ ಪೂರ್ತಿ ಭಾರ ಹೊರುವುದಿಲ್ಲ. ವಿ ಟೈರು 210ರವರೆಗೆ ಪೂರ್ತಿ ಭಾರ ಹೊರುತ್ತದೆ, 240ರಲ್ಲಿ ಶೇ. 91 ಮಾತ್ರ. ಡಬ್ಲ್ಯೂ 240ರವರೆಗೆ ಪೂರ್ತಿ, 250ರಲ್ಲಿ ಶೇ. 95, 270ರಲ್ಲಿ ಶೇ. 85. ವೈ 270ರವರೆಗೂ ಪೂರ್ತಿ. ಅಂದರೆ 93ಡಬ್ಲ್ಯೂ ಟೈರು 250ರಲ್ಲಿ ಹೊರುವುದು 650 ಅಲ್ಲ, 617 ಕೆ.ಜಿ. ಚಿಲ್ಲರೆ. ವೈ ಹಾಕಿದರೆ ಈ ಕಡಿತವೇ ಇಲ್ಲ. ತಯಾರಕರು ಗರಿಷ್ಠ ವೇಗ, ಗರಿಷ್ಠ ಹೊರೆ, ಸುಡುವ ದಿನ, ಸ್ವಲ್ಪ ಗಾಳಿ ಕಮ್ಮಿ ಎಲ್ಲವೂ ಒಟ್ಟಿಗೆ ಬಂದರೂ ತಡೆಯುವ ಟೈರನ್ನು ಆರಿಸುತ್ತಾರೆ. ವಿ ಹಾಕಿದರೆ ಕಾರಿನ ಗರಿಷ್ಠ ವೇಗಕ್ಕಿಂತ ಕೆಳಗಿನ ಟೈರು ಹಾಕಿದಂತಾಯಿತು. ನೀವು ಹೋಗುವುದು 100ರಲ್ಲಿ ಎಂಬುದು ನಿಜ, ನಾಲ್ಕು ಪಥದ ಹೆದ್ದಾರಿಯ ಮಿತಿಯೂ 100. ಆದರೆ ಕಾರನ್ನು ನಾಳೆ ಮತ್ತೊಬ್ಬರು ಓಡಿಸಬಹುದು, ಮಾರಬಹುದು. ಅಪಘಾತವಾದರೆ ಕಾರಿಗೆ ಹೇಳಿದ್ದಕ್ಕಿಂತ ಕೆಳದರ್ಜೆಯ ಟೈರು ಕ್ಲೇಮಿನ ಹೊತ್ತಿಗೆ ತಕರಾರಿಗೆ ದಾರಿಯಾಗಬಹುದು. ಜೊತೆಗೆ ಸಸ್ಪೆನ್ಷನ್ನು, ಸ್ಟೀರಿಂಗು, ಎಬಿಎಸ್ ಎಲ್ಲವನ್ನೂ ಹೊಂದಿಸಿರುವುದು ಬಿಗಿ ಕಟ್ಟಿನ ಟೈರಿಗೆ. ಸಡಿಲ ಕಟ್ಟಿನ ಟೈರು ಹಾಕಿದರೆ ಸ್ಟೀರಿಂಗ್ ತಿರುಗಿಸಿದ ಮೇಲೆ ಮೂತಿ ತಿರುಗಲು ಒಂದು ಗಳಿಗೆ ತಡವಾಗುವುದು ನಿಮಗೇ ಗೊತ್ತಾಗುತ್ತದೆ.

ಇನ್ನು ನಿಮ್ಮ ಸ್ನೇಹಿತರ ಮಾತು. ವೈ ದರ್ಜೆಯ ಟೈರುಗಳಲ್ಲಿ ಹಿಡಿತ ಚೆನ್ನಾಗಿರುವುದು ಸಾಮಾನ್ಯ, ಯಾಕೆಂದರೆ ವೇಗದ ಕಾರಿಗೆ ಮಾಡುವಾಗ ಮೆದು, ಅಂಟು ಪಾಕದ ರಬ್ಬರನ್ನೂ ಹಾಕುತ್ತಾರೆ. ಆದರೆ ಡ್ರಮ್ ಪರೀಕ್ಷೆಯಲ್ಲಿ ಬ್ರೇಕನ್ನು ಯಾರೂ ಒತ್ತುವುದಿಲ್ಲ, ನೀರು ಹೊಯ್ಯುವುದಿಲ್ಲ, ತಿರುವು ತೆಗೆಯುವುದಿಲ್ಲ. ಒದ್ದೆ ರಸ್ತೆಯಲ್ಲಿ ಒಂದು ವೈ ಟೈರಿಗಿಂತ ಬೇಗ ನಿಲ್ಲುವ ಡಬ್ಲ್ಯೂ ಟೈರು ಇರಬಹುದು. ಗೋಡೆಯ ಮೇಲೆ ‘ಟೆಂಪರೇಚರ್ ಎ’ ಎಂದಿದ್ದರೆ ಅದರಿಂದಲೂ ಪ್ರಯೋಜನವಿಲ್ಲ. ಅಮೆರಿಕದ ಆ ಅಳತೆಯಲ್ಲಿ ಸುಮಾರು 185 ಕಿ.ಮೀ. ದಾಟಿದ್ದೆಲ್ಲ ಎ. ಅದರ ಪಕ್ಕದ ‘ಟ್ರಾಕ್ಷನ್’ ಅಕ್ಷರ ನೋಡಿ. ಎಎ ಮೇಲಿನದು, ಆಮೇಲೆ ಎ. ಒದ್ದೆ ನೆಲದಲ್ಲಿ ನೇರವಾಗಿ ಬ್ರೇಕ್ ಹಿಡಿದಾಗಿನ ಹಿಡಿತ ಅದು. ಘಟ್ಟದ ತಿರುವಿನ ಬಗ್ಗೆ ಅದೂ ಹೇಳುವುದಿಲ್ಲ, ಆದರೆ ಇಲ್ಲಿಯವರಿಗೆ ವೇಗದ ಅಕ್ಷರಕ್ಕಿಂತ ಹೆಚ್ಚು ಉಪಯೋಗದ್ದು.

ಯಾಕೆಂದರೆ ಉತ್ತರ ಕನ್ನಡದ ಕರಾವಳಿಯಲ್ಲಿ ಟೈರಿನ ದೊಡ್ಡ ಶತ್ರು ನೀರು. ವರ್ಷಕ್ಕೆ 3000 ಮಿ.ಮೀ. ಆಸುಪಾಸಿನ ಮಳೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ. ರಸ್ತೆಯ ಮೇಲೆ 3 ಮಿ.ಮೀ. ನೀರು ನಿಂತಿದೆ, ನೀವು 80ರಲ್ಲಿದ್ದೀರಿ ಎನ್ನಿ. ನಿಮ್ಮ ಒಂದೊಂದು ಮುಂದಿನ ಟೈರೂ ಸೆಕೆಂಡಿಗೆ ಹದಿನಾಲ್ಕು ಹದಿನೈದು ಲೀಟರ್, ಅಂದರೆ ಹತ್ತಿರ ಹತ್ತಿರ ಒಂದು ಕೊಡ ನೀರನ್ನು ಪಕ್ಕಕ್ಕೆ ದೂಡಬೇಕು. ಟ್ರೆಡ್ಡಿನ ಕಾಲುವೆ ಆಳವಿಲ್ಲದಿದ್ದರೆ ನೀರು ಟೈರಿನಡಿ ಸಿಕ್ಕಿ ಕಾರನ್ನು ಎತ್ತುತ್ತದೆ. ಸ್ಟೀರಿಂಗ್ ಹಠಾತ್ತಾಗಿ ಹಗುರಾಗುತ್ತದೆ. ವಿಮಾನದ ಟೈರುಗಳ ಮೇಲೆ ನಾಸಾ ಮಾಡಿದ ಹಳೆಯ ಕೆಲಸದಿಂದ ಬಂದ ಒಂದು ಸೂತ್ರವಿದೆ: ತೇಲುವ ವೇಗ ಗಾಳಿಯ ಒತ್ತಡದ ವರ್ಗಮೂಲಕ್ಕೆ ತಕ್ಕಂತೆ ಏರುತ್ತದೆ. ಅದರ ಲೆಕ್ಕದಲ್ಲಿ 32 ಪಿಎಸ್‌ಐ ಇದ್ದರೆ ಸುಮಾರು 94 ಕಿ.ಮೀ., 24ಕ್ಕೆ ಇಳಿದರೆ 82. ಅಗಲವಾದ, ಸವೆದ ಕಾರಿನ ಟೈರು ಅದಕ್ಕೂ ಮುಂಚೆಯೇ ತೇಲಬಹುದು. 245 ಅಗಲವೇ. ಕಾನೂನು 1.6 ಮಿ.ಮೀ.ವರೆಗೆ ಬಿಡುತ್ತದೆ, ಈ ಅಗಲದ ಟೈರಿಗೆ ನಮ್ಮ ಮಳೆಗಾಲದಲ್ಲಿ 3 ಮಿ.ಮೀ.ಗೆ ಬಂದಾಗಲೇ ಬದಲಿಸಿ ಎಂಬುದು ನನ್ನ ಸಲಹೆ. ನೂರಿನ್ನೂರು ರೂಪಾಯಿಗೆ ಸಿಗುವ ಆಳದ ಗೇಜ್ ತಗೊಂಡು ಒಳ ಅಂಚು, ನಡು, ಹೊರ ಅಂಚು ಮೂರೂ ಕಡೆ ನೋಡಿ. ಈ ಕಾರುಗಳಲ್ಲಿ ಒಳ ಅಂಚೇ ಮೊದಲು ಸವೆಯುವುದು, ನಿಂತು ನೋಡಿದರೆ ಕಾಣುವುದೂ ಇಲ್ಲ. ದೇವಿಮನೆಯಲ್ಲಿ ನಿಂತ ನೀರಿಗಿಂತ ಮೊದಲ ಮಳೆಗೆ ಕೊಚ್ಚಿ ಬಂದ ಕೆಂಪು ಮಣ್ಣು ಮತ್ತು ತಿರುವಿನ ಒಳಬದಿ ರಾಶಿ ಬಿದ್ದ ಒದ್ದೆ ದರಕು ಹೆಚ್ಚು ಅಪಾಯ. ಅಲ್ಲಿ ಯಾವ ಅಕ್ಷರವೂ ಕಾಯುವುದಿಲ್ಲ, ವೇಗ ಇಳಿಸುವುದೊಂದೇ ದಾರಿ.

ಕಾವಿಗೆ ಮರಳಿದರೆ, ಅದರ ಮೊದಲ ಕಾರಣ ಗಾಳಿ ಕಮ್ಮಿ ಇರುವುದು. ಕಾರವಾರದಂಥ ಊರಿನಲ್ಲಿ ಅದಕ್ಕೊಂದು ವಿಶೇಷ ದಾರಿಯಿದೆ: ಉಪ್ಪುಗಾಳಿ. ಅಲಾಯ್ ರಿಮ್ಮಿನ ಬಣ್ಣದ ಪದರ ಎಲ್ಲಾದರೂ ಎದ್ದರೆ ಟೈರಿನ ಅಂಚು ಕೂರುವ ಜಾಗದಲ್ಲಿ ಅಲ್ಯುಮಿನಿಯಂ ಬಿಳಿ ಹಿಟ್ಟಿನಂತೆ ಹುಪ್ಪಳಿಸುತ್ತದೆ. ಆ ಒರಟಿನ ಸಂದಿಯಲ್ಲಿ ಗಾಳಿ ವಾರಕ್ಕೆ ಎರಡು ಮೂರು ಪಿಎಸ್‌ಐ ಸೋರುತ್ತದೆ. ಪಂಚರ್ ಅಂಗಡಿಯಲ್ಲಿ ನೀರಿನ ತೊಟ್ಟಿಗೆ ಹಾಕಿ ಮೊಳೆ ಹುಡುಕುತ್ತಾರೆ, ಸಿಗುವುದಿಲ್ಲ. ಗಾಳಿ ತುಂಬಿ ಕಳಿಸುತ್ತಾರೆ. ಮತ್ತೆ ಅದೇ ಕತೆ. ನಿಮ್ಮ ಕಾರಿನ ಎಚ್ಚರಿಕೆ ದೀಪ ಪ್ರತ್ಯೇಕ ಸೆನ್ಸರ್ ಇಲ್ಲದೆ ಚಕ್ರಗಳ ವೇಗದ ವ್ಯತ್ಯಾಸ ನೋಡಿ ಹೊತ್ತಿಕೊಳ್ಳುವ ಬಗೆಯದಾದರೆ, ನಾಲ್ಕೂ ಒಟ್ಟಿಗೆ ಸೋರಿದಾಗ ಅದು ಸುಮ್ಮನಿರುತ್ತದೆ. ಹದಿನೈದು ದಿನಕ್ಕೊಮ್ಮೆ, ಬೆಳಿಗ್ಗೆ ಕಾರು ತೆಗೆಯುವ ಮುಂಚೆ, ನಿಮ್ಮದೇ ಗೇಜಿನಲ್ಲಿ ನೋಡಿ. ಹಾಕಬೇಕಾದದ್ದು ಬಾಗಿಲ ಕಂಬ ಅಥವಾ ಇಂಧನ ಮುಚ್ಚಳದ ಒಳಗಿನ ಸ್ಟಿಕ್ಕರಿನ ಅಂಕಿ; ಟೈರಿನ ಗೋಡೆಯ ಮೇಲೆ ‘ಮ್ಯಾಕ್ಸ್’ ಎಂದಿರುವುದು ಮೀರಬಾರದ ಅಂಕಿಯೇ ಹೊರತು ತುಂಬಬೇಕಾದ ಅಂಕಿ ಅಲ್ಲ.

ಸುಮಾರು 600 ಮೀಟರ್ ಎತ್ತರದ ಶಿರಸಿಗೆ ಹೋದಾಗ ಹೊರಗಿನ ಒತ್ತಡ ಇಳಿಯುವುದರಿಂದ ಗೇಜು 1 ಪಿಎಸ್‌ಐ ಹೆಚ್ಚು ತೋರಿಸಬೇಕು, ಆದರೆ ಅಲ್ಲಿನ ತಂಪು ಅದರಲ್ಲಿ ಅರ್ಧಕ್ಕೂ ಹೆಚ್ಚನ್ನು ತಿಂದುಹಾಕುತ್ತದೆ. ಅದಕ್ಕಾಗಿ ಗಾಳಿ ಬದಲಿಸಬೇಡಿ. ಘಟ್ಟ ಇಳಿದು ಕುಮಟಾ ತಲುಪಿದ ಕೂಡಲೇ ನೋಡಿದರೆ ನಾಲ್ಕೈದು ಪಿಎಸ್‌ಐ ಏರಿರಬಹುದು, ಬ್ರೇಕಿನ ಬಿಸಿ ರಿಮ್ಮಿಗೆ ತಾಗಿರುತ್ತದೆ. ಆ ಬಿಸಿಯಲ್ಲಿ ಗಾಳಿ ಬಿಡಿಸಿದರೆ ಮರುದಿನ ಬೆಳಿಗ್ಗೆ ಗಾಳಿ ಕಮ್ಮಿ ಇರುವ ಟೈರಿನಲ್ಲಿ ಹೊರಡುತ್ತೀರಿ. ನೈಟ್ರೋಜನ್ ಬೇಕೇ ಎಂದು ಹಲವರು ಕೇಳುತ್ತಾರೆ: ಸಾದಾ ಗಾಳಿಯಲ್ಲೇ ಅದು ಶೇ. 78 ಇದೆ.

ಈಗ 2017. ಗೋಡೆಯ ಮೇಲೆ ‘ಡಾಟ್’ ಸಾಲಿನ ಕೊನೆಯ ನಾಲ್ಕು ಅಂಕಿ ತಯಾರಾದ ವಾರ ಮತ್ತು ವರ್ಷ; 2317 ಎಂದರೆ 2017ರ 23ನೇ ವಾರ. ರಬ್ಬರಿಗೆ ಮೆದುತನ ಕೊಡುವ ಎಣ್ಣೆ ಕಾಲ ಕಳೆದಂತೆ ಆರುತ್ತದೆ, ಆಮ್ಲಜನಕ ಒಳಗೆ ಹೊಕ್ಕು ರಬ್ಬರನ್ನು ಗಡುಸು ಮಾಡುತ್ತದೆ, ಉಕ್ಕಿನ ಪಟ್ಟಿಯ ಅಂಚಿನ ಅಂಟು ಸಡಿಲಾಗುತ್ತದೆ. ಗುಂಡಿ 6 ಮಿ.ಮೀ. ಇದ್ದರೂ ಒದ್ದೆ ಡಾಂಬರಿನಲ್ಲಿ ಉಗುರಿಗೆ ತಗ್ಗದ ಅಂಥ ಟೈರು ಜಾರುತ್ತದೆ. ಕಡಿಮೆ ಓಡುವ, ವಾರಗಟ್ಟಲೆ ಒಂದೇ ಕಡೆ ನಿಲ್ಲುವ ಸ್ಪೋರ್ಟ್ಸ್ ಕಾರುಗಳಲ್ಲಿ ಈ ಮೋಸ ಹೆಚ್ಚು: ಟ್ರೆಡ್ ಉಳಿದಿರುತ್ತದೆ, ಟೈರು ಮುಗಿದಿರುತ್ತದೆ. ಆರು ವರ್ಷ ದಾಟಿದರೆ ಪ್ರತಿ ವರ್ಷ ಬಿಚ್ಚಿ ಒಳಗೂ ಹೊರಗೂ ನೋಡಿಸಬೇಕು, ಹತ್ತಾದರೆ ಹೇಗಿದ್ದರೂ ತೆಗೆಯಬೇಕು. ಸ್ಪೋರ್ಟ್ಸ್ ಕಾರಿಗೆ, ಅದೂ ಈ ಮಳೆ, ಈ ಉಪ್ಪುಗಾಳಿಯಲ್ಲಿ, ನಾನು ಹತ್ತರವರೆಗೆ ಕಾಯಲು ಹೇಳುವುದಿಲ್ಲ. ಆ ಎರಡು ವೈಗಳಿಗೆ ಈಗ ಅಕ್ಷರ ಮಾತ್ರ ಉಳಿದಿದೆ ಎಂದುಕೊಳ್ಳಿ.

ನಾಲ್ಕೂ ಒಟ್ಟಿಗೆ ಎಂದದ್ದಕ್ಕೆ ಇನ್ನೊಂದು ಕಾರಣ ಕ್ವಾಟ್ರೋ, ಅಂದರೆ ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ವ್ಯವಸ್ಥೆ. ಮುಂದೆ ಹಿಂದೆ ಟೈರಿನ ಸುತ್ತಳತೆ ಬೇರೆಯಾದರೆ ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಕ್ಲಚ್ಚು ನೇರ ರಸ್ತೆಯಲ್ಲೂ ಆ ವ್ಯತ್ಯಾಸವನ್ನು ನುಂಗುತ್ತ ಬಿಸಿಯಾಗುತ್ತದೆ. ಟ್ರೆಡ್ ವ್ಯತ್ಯಾಸ 2 ಮಿ.ಮೀ. ಒಳಗಿರಲಿ. ಎರಡು ಚಕ್ರದ ಡ್ರೈವ್ ಇರುವ ಕಾರಿನವರಿಗೆ ಎರಡನ್ನೇ ಬದಲಿಸಲು ಅವಕಾಶವಿದೆ, ಆಗ ಹೊಸದು ಮತ್ತು ಮೇಲಿನ ದರ್ಜೆಯದು ಹಿಂದಿರಬೇಕು. ಮೂತಿ ಜಾರಿದರೆ ವೇಗ ಇಳಿಸಿ ಸುಧಾರಿಸಬಹುದು, ಹಿಂಬದಿ ಜಾರಿದರೆ ಘಟ್ಟದಲ್ಲಿ ಅಷ್ಟು ಸಮಯ ಸಿಗುವುದಿಲ್ಲ. ಬೆರಕೆ ದರ್ಜೆ ಹಾಕಿದ ಕಾರಿನ ಮಿತಿ ಅದರ ಅತಿ ಕೆಳಗಿನ ಟೈರಿನದು.

ಹಾಗಾದರೆ ಏನು ಕೊಳ್ಳುವುದು? ಈ ಅಳತೆಯಲ್ಲಿ 93ವೈ ಸಿಗದಿದ್ದರೂ ‘ಎಕ್ಸ್‌ಎಲ್’ (ಹೆಚ್ಚು ಭಾರ ಹೊರುವ ಕಟ್ಟು) ಗುರುತಿನ 97ವೈ ಸಿಗುವ ಸಂಭವ ಹೆಚ್ಚು. 97 ಎಂದರೆ 730 ಕೆ.ಜಿ.; ಗೋಡೆ ಸ್ವಲ್ಪ ಬಿಗಿ, ಹೊಂಡಕ್ಕೆ ಬಿದ್ದಾಗ ಕುಲುಕು ಸ್ವಲ್ಪ ಹೆಚ್ಚು, ಆದರೆ ರಿಮ್ಮಿಗೆ ಕಾವಲು. ನಿಮಗೆ ನನ್ನ ಮೊದಲ ಆಯ್ಕೆ ಅದೇ, ಒದ್ದೆ ಹಿಡಿತ ಚೆನ್ನಾಗಿರುವ ಮಾದರಿಯಲ್ಲಿ. ಡಬ್ಲ್ಯೂ ಹಾಕುವುದೇ ಆದರೆ ಅದೂ 97 ಸೂಚ್ಯಂಕದ್ದಾಗಿರಲಿ. ಆಗ 250ರಲ್ಲೂ ಶೇ. 95 ಲೆಕ್ಕದಲ್ಲಿ 690 ಕೆ.ಜಿ. ದಾಟುತ್ತದೆ. ಸೂಚ್ಯಂಕ 93ಕ್ಕಿಂತ ಕೆಳಗಿನದು ಯಾವ ಕಾರಣಕ್ಕೂ ಬೇಡ. ವಿಯಲ್ಲಿ ಉಳಿಯುವ ಹಣಕ್ಕಾಗಿ ಈ ಕಾರನ್ನು ಕುಂದಿಸಬೇಡಿ. ಆವರಣದೊಳಗೆ ವೈ ಬರೆದಿರುವ, 300 ದಾಟುವ ದರ್ಜೆಗೆ ಹೆಚ್ಚು ಕೊಡುವುದೂ ಅಷ್ಟೇ ವ್ಯರ್ಥ; ಆ ಹಣ ಅಲೈನ್‌ಮೆಂಟಿಗೆ, ರಿಮ್ ಸರಿಪಡಿಸಲಿಕ್ಕೆ ಇರಲಿ.

ಈ ಅಳತೆ ಕಾರವಾರ, ಶಿರಸಿ ಅಂಗಡಿಗಳಲ್ಲಿ ಸಿದ್ಧವಿರುವುದು ಕಷ್ಟ, ಹುಬ್ಬಳ್ಳಿ, ಮಂಗಳೂರು ಅಥವಾ ಗೋವಾದಿಂದ ತರಿಸಬೇಕಾಗುತ್ತದೆ. 2020ರ ಜೂನ್‌ನಲ್ಲಿ ಸರ್ಕಾರ ಟೈರುಗಳ ಆಮದನ್ನು ನಿರ್ಬಂಧಿತ ಪಟ್ಟಿಗೆ ಸೇರಿಸಿದ ಮೇಲೆ ಇಂಥ ಅಳತೆಗಳಿಗೆ ಕಾಯುವುದು ಮಾಮೂಲಾಯಿತು. ಹಾಗಾಗಿ ಮೇ ಕೊನೆಗೆ ಓಡಾಡಬೇಡಿ, ಈಗಲೇ ಹೇಳಿಡಿ. ಮುಂಗಡ ಕೊಡುವಾಗಲೇ ಬಿಲ್ಲಿನಲ್ಲಿ ಅಳತೆ, ಸೂಚ್ಯಂಕ, ಅಕ್ಷರ ಬರೆಸಿ, ತಯಾರಾಗಿ ಒಂದು ವರ್ಷ ದಾಟಿದ್ದನ್ನು ಒಪ್ಪುವುದಿಲ್ಲ ಎಂದು ತಿಳಿಸಿ. ಟೈರು ಬಂದಾಗ ನಾಲ್ಕರ ದಿನಾಂಕವನ್ನೂ ನೀವೇ ಓದಿ, ಐಎಸ್‌ಐ ಗುರುತು ನೋಡಿ. ‘ಇಂಪೋರ್ಟೆಡ್ ಸೆಕೆಂಡ್ಸ್’ ಎಂದು ಅಗ್ಗಕ್ಕೆ ಬರುವ ಬಳಸಿದ ಟೈರುಗಳ ಹತ್ತಿರ ಹೋಗಬೇಡಿ, ಅವುಗಳ ಒಳಗೆ ಏನಾಗಿದೆಯೆಂದು ಹೊರಗಿನಿಂದ ತಿಳಿಯುವುದಿಲ್ಲ.

ಹಾಕಿಸುವ ದಿನ ಎದುರಿಗೇ ನಿಲ್ಲಿ. ಹಳೇ ಟೈರು ಕಳಚಿದ ಮೇಲೆ ರಿಮ್ಮಿನ ಅಂಚಿನ ಬಿಳಿ ಹಿಟ್ಟನ್ನು ನೈಲಾನ್ ಬ್ರಶ್ಶಿನಲ್ಲಿ ಲೋಹ ನುಣುಪಾಗುವವರೆಗೆ ಉಜ್ಜಿಸಿ, ವಾಲ್ವು ಹೊಸದು ಹಾಕಿಸಿ. ‘ಔಟ್‌ಸೈಡ್’ ಎಂದಿರುವ ಗೋಡೆ ಹೊರಗೇ ಬರಬೇಕು. ಬೋಲ್ಟನ್ನು ಗಾಳಿ ಗನ್ನಿನಲ್ಲಿ ಕಚ್ಚಿಸಿ ಬಿಡುವುದು ಬೇಡ. ಕೊನೆಯ ಬಿಗಿ ಟಾರ್ಕ್ ರೆಂಚಿನಲ್ಲಿ 120 ನ್ಯೂಟನ್ ಮೀಟರ್, ಮತ್ತೆ 50–100 ಕಿ.ಮೀ. ಓಡಿದ ಮೇಲೆ ಒಮ್ಮೆ ಪರೀಕ್ಷೆ. ಮುಂದೆ ಪಂಚರಾದರೆ ಹೊರಗಿನಿಂದ ಚುಚ್ಚುವ ಸ್ಟ್ರಿಪ್ ಮನೆ ಮುಟ್ಟಲು ಮಾತ್ರ. ನಡು ಟ್ರೆಡ್ಡಿನಲ್ಲಿ 6 ಮಿ.ಮೀ. ಒಳಗಿನ ತೂತಾದರೆ ಟೈರು ಬಿಚ್ಚಿ ಒಳಗಿನಿಂದ ಮಶ್ರೂಮ್ ಪ್ಯಾಚ್ ಹಾಕಿಸಿ, ಭುಜ (ಟ್ರೆಡ್ಡಿನ ಅಂಚು) ಅಥವಾ ಗೋಡೆಯಲ್ಲಾದರೆ ಟೈರೇ ಬದಲು. ಹೊಸ ಟೈರಿನ ಮೈಮೇಲೆ ಅಚ್ಚಿನಿಂದ ಬಿಡಿಸಲು ಹಚ್ಚಿದ ಜಾರು ಪದರ ಇರುತ್ತದೆ, ಅದು ಹೋಗಲು ಸುಮಾರು 300 ಕಿ.ಮೀ. ಬೇಕು. ಆ ಓಟವನ್ನು ಮೇ ತಿಂಗಳ ಒಣ ರಸ್ತೆಯಲ್ಲಿ, ಅಂಕೋಲಾ–ಕುಮಟಾ ಕಡೆ ನಿಧಾನವಾಗಿ ಮುಗಿಸಿಕೊಳ್ಳಿ, ದೇವಿಮನೆ ಆಮೇಲೆ.